ರಿವರ್ಸಣ್ಣನ ಮಗಳು

ಮಗುವನ್ನು ಎತ್ತಿಕೊಂಡು ಬಾಲ್ಕನಿಗೆ ಹೋದರೆ ತಾನೇ ಅದನ್ನು ಕೆಳಗೆ ಎಸೆದುಬಿಟ್ಟೇನೇನೋ ಎಂಬ ಯೋಚನೆ ಒಂದು ದಿನ ಎಲ್ಲಿಂದಲೋ ಬಂದು ಅವಳ ತಲೆ ಹೊಕ್ಕಿತು. ಹೊಕ್ಕಿದ್ದು ಹೊರಗೆ ಹೋಗಲಿಲ್ಲ. ಅದು ಆಸೆಯಲ್ಲ, ನೆನೆದರೇ ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ ದೂರ ಸರಿಯುತ್ತಿದ್ದಳು. ಆದರೂ ಇಂಥದ್ದು ಹೊಳೆಯಿತೆಂದರೆ ತಾನೆಂಥ ತಾಯಿ? ಬಾಲ್ಕನಿಯ ಬಾಗಿಲಿಗೆ ಚಿಲಕ ಹಾಕಿದಳು. ಮಗುವಿನ ಒದ್ದೆ ಬಟ್ಟೆಗಳು ಕುರ್ಚಿಯ ಬೆನ್ನಿನ ಮೇಲೆ, ಕಿಟಕಿಯ ಸರಳಿನ ಮೇಲೆ, ಸಿಕ್ಕಸಿಕ್ಕಲ್ಲೆಲ್ಲ ಒಣಗತೊಡಗಿದವು. ಗಂಡ ಕೇಳಿದ್ದಕ್ಕೆ ಹೊರಗೆ ಧೂಳು ಎಂದಳು. ನಿಜ ಹೇಳಿದರೆ ಮಗುವನ್ನೇ ಕಿತ್ತುಕೊಂಡಾರು ಎಂಬ ಭಯ.

ಒಂದು ಬೆಳಿಗ್ಗೆ ಮೊಮ್ಮಗಳನ್ನು ನೋಡಲು ಬಂದ ಅಪ್ಪ, ಕುರ್ಚಿಯ ಮೇಲಿನ ಪುಟ್ಟ ಅಂಗಿಗಳನ್ನು ಸರಿಸಿ ಕೂತು, ಕೋಣೆಯ ಸುತ್ತ ಕಣ್ಣಾಡಿಸಿದ. ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ.

ಅಪ್ಪ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಡಿಪೋದಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ರಿವರ್ಸಣ್ಣ ಎಂದೇ. ಆ ಹೆಸರಿನ ಹಿಂದಿನ ಕಥೆಯನ್ನು ಅವಳು ಕಾಲೇಜಿನ ಗೆಳತಿಯರಿಗೂ ಎದೆಯುಬ್ಬಿಸಿಕೊಂಡು ಹೇಳಿದ್ದಳು.

ನಡುವಯಸ್ಸಿನಲ್ಲಿ ಅವನಿಗೊಂದು ಅನುಮಾನ ಗಂಟುಬಿದ್ದಿತ್ತು. ಬಸ್ಸು ರೋಡ್ ಹಂಪ್ ಹತ್ತಿಳಿದರೆ ಸಾಕು, ಯಾರೋ ಚಕ್ರದಡಿ ಸಿಕ್ಕಿಕೊಂಡರು ಅನ್ನಿಸುವುದು. ಬಸ್ಸು ನಿಲ್ಲಿಸಿ, ಇಳಿದು, ಹಿಂದಕ್ಕೆ ನಡೆದುಹೋಗಿ ನೋಡಿ ಬರುತ್ತಿದ್ದ. ಪ್ರಯಾಣಿಕರು ಬೈದರು, ಜೊತೆಯ ಡ್ರೈವರುಗಳು ಹೆಸರಿಟ್ಟರು. ಅವನ ಕಂಡಕ್ಟರ್ ಮಾತ್ರ ಮೆದು ಮನಸ್ಸಿನವನು, ಒಂದು ಉಪಾಯ ಹೂಡಿದ. ಹಂಪ್ ದಾಟಿದಾಗಲೆಲ್ಲ ಹಿಂಬಾಗಿಲಲ್ಲಿ ಬಗ್ಗಿ ನೋಡಿ, ‘ಯಾರೂ ಇಲ್ಲ, ರೈಟ್’ ಎಂದು ಕೂಗುವುದು. ಬಸ್ಸು ಹೊತ್ತಿಗೆ ಸರಿಯಾಗಿ ಓಡಿತು. ಆದರೆ ಬರಬರುತ್ತ ಅಪ್ಪನಿಗೆ ಒಂದು ರೈಟ್ ಸಾಲದಾಯಿತು. ಗುಂಡಿಗೊಂದು ಬೇಕು, ತಿರುವಿಗೊಂದು ಬೇಕು. ಕಂಡಕ್ಟರನ ಗಂಟಲು ಕೂತುಹೋಯಿತು. ಟಿಕೆಟ್ ಕೊಡೋದಕ್ಕೆ ಇನ್ನೊಬ್ಬನ್ನ ಇಟ್ಕೊಳ್ಳಪ್ಪ ಎಂದು ಯಾರೋ ಕುಹಕವಾಡಿದರು. ಕೊನೆಗೆ ಕಂಡಕ್ಟರ್ ರಜೆ ಹಾಕಿದ ದಿನ, ಅಪ್ಪ ಒಂದು ಹಂಪ್ ದಾಟಿ ನಿಲ್ಲಿಸಿದವನು ಮತ್ತೆ ಬಸ್ಸು ಬಿಡಲಾರದೆ ಸ್ಟಿಯರಿಂಗ್ ಹಿಡಿದು ಕೂತುಬಿಟ್ಟ. ಜನ ಬೇರೆ ಬಸ್ಸು ಹತ್ತಿ ಹೋದರು.

ಆಮೇಲೆ ಅಪ್ಪ ಕಂಡಕ್ಟರನ ಜೊತೆ ಮನೋವೈದ್ಯೆಯ ಬಳಿ ಹೋದ. ಅವರು ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಕೆಟ್ಟ ಯೋಚನೆ ಯಾರ ತಲೆಗಾದರೂ ಬಂದು ಹೋಗುತ್ತದೆ. ಕೆಲವರಲ್ಲಿ ಅದು ಅಂಟಿಕೊಂಡು ಕೂರುತ್ತದೆ, ಅದಕ್ಕೆ ಗೀಳು ಕಾಯಿಲೆ ಎನ್ನುತ್ತಾರೆ.

“ಎಚ್ಚರದಿಂದ ಇರೋದು ನಿಮ್ಮ ಸ್ವಭಾವ. ಅದು ಇರಲಿ,” ಎಂದರು ಅಪ್ಪನಿಗೆ. “ಹಿಂದೆ ಹೋಗಿ ನೋಡೋದು ಕಾಯಿಲೆ. ಅದನ್ನ ಬಿಡಿಸೋಣ.”

ಮಾತ್ರೆ ಬರೆದರು. ಅನುಮಾನ ಬಂದರೂ ನೋಡದೆ ಮುಂದೆ ಹೋಗುವ ಅಭ್ಯಾಸ ಹಚ್ಚಿದರು. ಕಂಡಕ್ಟರನಿಗೆ, ನೀವು ಪ್ರೀತಿಯಿಂದ ಕೊಟ್ಟ ಒಂದೊಂದು ರೈಟೂ ಕಾಯಿಲೆಗೆ ತುತ್ತು ಹಾಕಿದ ಹಾಗಾಯಿತು, ಇನ್ನು ಬಾಯಿಗೆ ಬೀಗ ಹಾಕಿ ಎಂದರು. ಸ್ಟಾಪಿನಲ್ಲಾದರೂ ಅನ್ನಬಹುದೇ ಎಂದು ಅವನು ಪೆಚ್ಚಾಗಿ ಕೇಳಿದನಂತೆ.

ಮೊದಲು ಡಿಪೋದ ಅಂಗಳದಲ್ಲಿ ಖಾಲಿ ಬಸ್ಸು, ಅಂಗಿ ಒದ್ದೆಯಾಗುವಷ್ಟು ಬೆವರು. ಹಿಂದೆ ನಿಂತ ಕಂಡಕ್ಟರ್ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ತಿಂಗಳುಗಳು ಹಿಡಿದವು. ಅಪ್ಪ ತನ್ನ ಹಳೆಯ ದಾರಿಗೇ ಬಸ್ಸು ಹೊರಡಿಸಿದ. ಅನುಮಾನ ಆಗೀಗ ಇಣುಕುತ್ತಿತ್ತು, ಅವನು ಮಾತ್ರ ಬಸ್ಸು ನಿಲ್ಲಿಸುತ್ತಿರಲಿಲ್ಲ. ಆಮೇಲೆ ಹೊಸದಾಗಿ ಸೇರಿದ ಡ್ರೈವರುಗಳಿಗೆ ತಾನೇ ಕರೆದು ಹೇಳುತ್ತಿದ್ದ, ರಿವರ್ಸಣ್ಣ ಅಂತ ಯಾಕಂತಾರೆ ಗೊತ್ತಾ, ಕೂತ್ಕೊಳ್ಳಿ ಹೇಳ್ತೀನಿ ಎಂದು. ನಾಲ್ವರೆದುರು ತನ್ನ ಕಾಯಿಲೆಯ ಹೆಸರು ಹೇಳಿ ನಗಬಲ್ಲ ಗಂಡಸನ್ನು ಅವಳು ಇನ್ನೊಬ್ಬನನ್ನು ಕಂಡಿರಲಿಲ್ಲ.

“ಬಾಲ್ಕನಿಗೆ ಯಾಕಮ್ಮ ಚಿಲಕ?” ಎಂದ ಅಪ್ಪ ಈಗ.

ಅವಳು ಸುಳ್ಳು ಹುಡುಕಿದಳು, ಸಿಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಎಲ್ಲವನ್ನೂ ಹೇಳಿದಳು. ಹೇಳುವಾಗ ಹಿಂದಿನಿಂದ ಮಗುವಿನ ಬೆನ್ನು ತಟ್ಟುವ ಸದ್ದು ಒಮ್ಮೆಯೂ ನಿಲ್ಲಲಿಲ್ಲ.

“ನಾನು ಹಾಗೆಲ್ಲ ಮಾಡಲ್ಲ ಅಲ್ವಾ ಅಪ್ಪ?”

ಅಪ್ಪ ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ.

“ಇಲ್ಲ ಅನ್ನೋ ಮಾತು ನಾಲಿಗೆ ತುದೀಲಿದೆ ಕಣಮ್ಮ. ಹೇಳಿದ್ರೆ ಆ ಧೈರ್ಯ ಸಂಜೆತನಕ ಬರುತ್ತೆ, ಆಮೇಲೆ ಮತ್ತೆ ಕೇಳ್ತೀಯ. ನಾನು ಕಂಡಕ್ಟರ್ ಆಗಲ್ಲ.”

“ನಿಂದು ಬೇರೆ. ನೀನು ಯಾರೋ ದಾರಿಹೋಕರಿಗೆ ಹೆದರ್ತಿದ್ದೆ. ಇದು ನಾನು ಹೆತ್ತ ಮಗು.”

“ಯಾವುದು ನಮಗೆ ಎಲ್ಲಕ್ಕಿಂತ ಹೆಚ್ಚೋ ಅದನ್ನೇ ಹಿಡ್ಕೊಂಡು ಕಾಡೋದು ಈ ಕಾಯಿಲೆ. ಡಾಕ್ಟ್ರಿಗೆ ಗೊತ್ತು, ಕೇಳು.”

“ಮಗೂನ ಕಿತ್ಕೊಂಡ್ರೆ?”

“ನನ್ನ ಬಸ್ಸು ಕಿತ್ಕೊಂಡ್ರಾ?”

ಅವಳು ಪುಟ್ಟ ಅಂಗಿಯೊಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತಳು. ಅಪ್ಪ ಡಾಕ್ಟರ ಬಳಿ ಹೋದದ್ದನ್ನು ಊರಿಗೆಲ್ಲ ಹೊಗಳಿಕೊಂಡು ಬಂದ ಬಾಯಿ ಇದು, ತನ್ನ ಸರದಿ ಬಂದಾಗ ಒಣಗಿ ಕೂತಿದೆ. ಎದ್ದು ಅಪ್ಪನಿಂದ ಆ ಡಾಕ್ಟರ ನಂಬರು ಕೇಳಿ ಫೋನಿನಲ್ಲಿ ಒತ್ತಿದಳು. ಅಪ್ಪ ಮಾತಾಡಲು ಕೈಚಾಚಿದಾಗ ಬೇಡವೆಂದು ತಲೆಯಾಡಿಸಿದಳು.

ಆ ಕಡೆಯಿಂದ ಕ್ಲಿನಿಕ್ಕಿನ ಹೆಂಗಸು, ಡಾಕ್ಟರಿಗೆ ಯಾರನ್ನು ತೋರಿಸಬೇಕಿತ್ತು ಎಂದು ಕೇಳಿದಳು.

“ನನ್ನನ್ನೇ,” ಎಂದಳು ಇವಳು. “ಇವತ್ತೇ ಆಗುತ್ತಾ?”