ಶೀನ ಮಾವನನ್ನು ಕೇಳಿಕೊಂಡು ಅಸ್ಕರಿಗೆ

ಶುಕ್ರವಾರ ಬೆಳಿಗ್ಗೆ ಮನಾಮದ ಸೆಗಯಾ ಬಡಾವಣೆಯ ನನ್ನ ಕೋಣೆಯಿಂದ ಹೊರಟಾಗ ಬೀದಿಯಲ್ಲಿ ಬೆಕ್ಕುಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಫೆಬ್ರವರಿಯ ಬಡಗಣ ಗಾಳಿ ಬೀಸುತ್ತಿತ್ತು. ಬಹ್ರೇನಿಗೆ ಬಂದು ಇಷ್ಟು ವರ್ಷವಾದರೂ ಈಸಾ ಟೌನಿನಿಂದ ದಕ್ಷಿಣಕ್ಕೆ ನಾನು ಹೋದವಳಲ್ಲ. ಲೆಕ್ಕ ಬರೆಯುವ ಆಫೀಸು, ಮನಾಮದ ಅಂಗಡಿಗಳು, ವಿಮಾನ ಹತ್ತಲು ಮುಹರ್ರಕ್, ಇಷ್ಟೇ ನನ್ನ ಬಹ್ರೇನ್. ದಕ್ಷಿಣದಲ್ಲಿ ಏನಿದೆ ಎಂದು ಕೇಳಿದರೆ ಎಲ್ಲರೂ ಮರಳು ಎನ್ನುತ್ತಿದ್ದರು.

ಹೊರಟದ್ದು ಅಮ್ಮನ ಮಾತಿಗೆ. ಅಮ್ಮನ ಅಣ್ಣ ಶೀನ ಮಾವ, ನಾನು ಹುಟ್ಟುವ ಮೊದಲೇ ಕುಂದಾಪುರದಿಂದ ಬೊಂಬಾಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತಿ ಇಲ್ಲಿಗೆ ಬಂದವನು. ಅವಾಲಿಯಲ್ಲಿ ಎಣ್ಣೆ ಕೆಲಸದವರ ವಸತಿಯಲ್ಲಿ ಅಡಿಗೆ ಮಾಡುತ್ತಿದ್ದ. ಜ್ವರ ಬಂದು ಇಲ್ಲೇ ತೀರಿಕೊಂಡ. ಜೊತೆಗಾರರು ಅಸ್ಕರ್ ಎಂಬ ಕಡಲೂರಿನ ಕಡೆ ದಹನ ಮಾಡಿದರೆಂಬ ಸುದ್ದಿ ಊರಿಗೆ ಮುಟ್ಟಿತು. ಅಸ್ಥಿ ಏನಾಯಿತೆಂದು ಯಾರೂ ತಿಳಿಸಲಿಲ್ಲ. ಈಗ ಅಮ್ಮನಿಗೆ ಎಂಬತ್ತು ದಾಟಿದೆ. ಇತ್ತೀಚೆಗೆ ಫೋನಿನಲ್ಲಿ ಅದೊಂದೇ ಮಾತು: "ಅವ್ನ್ ನೀರ್ ಸೇರ್ದ್ನಾ ಇಲ್ಯಾ, ಒಂದ್ಸಲ ಕೇಂಡ್ಕಂಡ್ ಬಾ ಮಗಾ."

ಮುನ್ನೂರು ಫಿಲ್ಸ್ ಕೊಟ್ಟು ಬಸ್ಸು ಹತ್ತಿದೆ. ಈಸಾ ಟೌನಿನಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾದೆ. ರಜೆಯಾದ್ದರಿಂದ ಶಾಲೆಯ ಬಸ್ಸುಗಳೆಲ್ಲ ಬೇಲಿಯೊಳಗೆ ಸಾಲಾಗಿ ನಿಂತಿದ್ದವು. ಹತ್ತಿದವರು ಹೆಚ್ಚಿನವರು ಕಾರ್ಖಾನೆಯ ಕೆಲಸಗಾರರು, ಹೆಂಗಸು ನಾನೊಬ್ಬಳೇ. ಯಾರೂ ನನ್ನ ಪಕ್ಕ ಕೂರಲಿಲ್ಲ.

ದ್ವೀಪದ ಅರ್ಧಕ್ಕಿಂತ ಹೆಚ್ಚು ನೆಲ ದಕ್ಷಿಣ ಪ್ರಾಂತ್ಯದ್ದೇ. ಜನರೆಲ್ಲ ಅದರ ಬಡಗಣ ಅಂಚಿನ ರಿಫಾದಂಥ ಊರುಗಳಲ್ಲೇ ಒತ್ತಿಕೊಂಡಿದ್ದಾರೆ. ರಿಫಾ ಕಳೆದ ಮೇಲೆ ಮನೆಗಳು ಮುಗಿದು ನೆಲ ದೊಡ್ಡ ಬಾಣಲೆಯ ಹಾಗೆ ತಗ್ಗುತ್ತಾ ಹೋಯಿತು. ಆ ತಗ್ಗಿನ ನಡುವೆ, ದೂಳಿನಾಚೆ, ಜಬಲ್ ದುಖಾನ್ ಕಂಡಿತು. ಹೆಸರಿನ ಅರ್ಥ ಹೊಗೆಯ ಗುಡ್ಡ. ದೇಶಕ್ಕೆಲ್ಲ ಎತ್ತರದ್ದು ಅದೇ, ಆದರೆ ನಮ್ಮ ಕೊಡಚಾದ್ರಿಯ ಪಕ್ಕ ಇಟ್ಟರೆ ದಿಬ್ಬ ಅನ್ನಬೇಕು. ಕೊಲ್ಲಿಯ ಈ ದಡದಲ್ಲಿ ಎಣ್ಣೆ ಮೊದಲು ಸಿಕ್ಕಿದ್ದು ಆ ಗುಡ್ಡದ ಬುಡದಲ್ಲಿ. ಶೀನ ಮಾವನನ್ನು ಇಷ್ಟು ದೂರ ಕರೆಸಿಕೊಂಡದ್ದೂ ಅದೇ ಎಣ್ಣೆ. ಪೈಪುಗಳು ನೆಲಕ್ಕೆ ಅಂಟಿಕೊಂಡು ದಿಕ್ಕುದಿಕ್ಕಿಗೆ ಓಡಿದ್ದವು. ಒಂದು ಮರ ಕಾಣಲು ನಾನು ತುಂಬಾ ಹೊತ್ತು ಕಿಟಕಿಗೆ ಮುಖ ಇಟ್ಟಿದ್ದೆ. ಮಾವನೂ ಹೀಗೇ ಹುಡುಕಿರಬಹುದು ಅನ್ನಿಸಿತು.

ಅಲ್ಯೂಮಿನಿಯಂ ಕಾರ್ಖಾನೆಯ ಬಳಿ ಎಲ್ಲರೂ ಇಳಿದರು. ಅಸ್ಕರಿನವರೆಗೆ ಡ್ರೈವರ್ ಮತ್ತು ನಾನು.

ಅಲ್ಲಿನ ಹಿಂದೂ ಸ್ಮಶಾನದ ಕಾವಲುಗಾರ ತೆಲುಗಿನವ. ಹಳೆಯ ಕಾಲದ್ದು ತನಗೆ ಗೊತ್ತಿಲ್ಲ, ದಡದಲ್ಲಿ ಹಸನ್ ಎಂಬ ಮುದುಕ ಬಲೆ ಹೆಣೆಯುತ್ತಿರುತ್ತಾನೆ, ಅವನನ್ನು ಕೇಳಿ ಅಂದ. ನಡೆದು ಹೋದೆ. ಅಲೆಯಿಲ್ಲದ, ಮೊಣಕಾಲಷ್ಟೇ ಆಳದ, ತಿಳಿಹಸಿರು ಸಮುದ್ರ. ಅದಕ್ಕೆ ಶಬ್ದವೇ ಇಲ್ಲ. ನಮ್ಮ ಕಡಲಿನ ಮೊರೆತ ಕೇಳಿ ಬೆಳೆದ ನನಗೆ ಅದು ಸಮುದ್ರ ಅನ್ನಿಸಲೇ ಇಲ್ಲ.

ಹಸನ್ ತಂತಿಯ ಮೀನುಬೋನೊಂದನ್ನು ಇಕ್ಕಳದಿಂದ ಸರಿಮಾಡುತ್ತಿದ್ದ. ಸಲಾಂ ಹೇಳಿದೆ. ಅವನಿಗೆ ಒಳ್ಳೆಯ ಹಿಂದಿ ಬರುತ್ತಿತ್ತು. ಫ್ಲಾಸ್ಕಿನಿಂದ ಕೆಂಪು ಚಹಾ ಕೊಟ್ಟು ಊರಿನ ಕಥೆ ಹೇಳಿದ. ಅವನ ಅಜ್ಜನ ಕಾಲದಲ್ಲಿ ಇಲ್ಲಿನವರೆಲ್ಲ ಮುತ್ತಿಗಾಗಿ ಮುಳುಗುವವರು. ಮುತ್ತಿನ ಬೆಲೆ ಬಿದ್ದಾಗ ಹುಡುಗರು ಎಣ್ಣೆಯ ಕೆಲಸಕ್ಕೆ ಹೋದರು. ಈಗ ಹೊಸ ಮನೆಗಳೆದ್ದಿವೆ, ಹಿಂದಿನ ಕೋಣೆಗಳಲ್ಲಿ ಬಂಗಾಳಿಗಳು, ತೆಲುಗರು. ತನ್ನ ಮಕ್ಕಳು ರಿಫಾದಲ್ಲಿ, ದೋಣಿ ಯಾರಿಗೂ ಬೇಡ ಅಂದ.

ನಾನು ಮಾವನ ವಿಷಯ ತೆಗೆದೆ. ಅವನ ಕೈ ನಿಂತಿತು. ಹಿಂದಿಯವರು, ಅಂದರೆ ಭಾರತದವರು, ಅಸ್ಥಿಯ ಮಡಕೆ ಹಿಡಿದು ಬರುತ್ತಿದ್ದುದು ಅವನಿಗೆ ನೆನಪಿತ್ತು. ದಡದಲ್ಲಿ ನೀರು ಆಳವಿಲ್ಲ, ಮಡಕೆ ತೇಲಿ ತಿರುಗಿ ಬರುತ್ತದೆ. ಅದಕ್ಕೆ ಅವನ ತಂದೆ ಅವರನ್ನು ದೋಣಿಯಲ್ಲಿ ಆಳದವರೆಗೆ ಕರೆದೊಯ್ಯುತ್ತಿದ್ದರಂತೆ.

"ಅಲ್ಲಿ ಮುಟ್ಟಿದ ಮೇಲೆ ಅಪ್ಪ ಅವರಿಗೆ ಬೆನ್ನು ಹಾಕಿ ಕೂತುಬಿಡುತ್ತಿದ್ದರು. ಅವರು ಅಳಲಿ ಅಂತ," ಎಂದ ಹಸನ್. ಮಾವನ ಹೆಸರು ಅವನಿಗೆ ಗೊತ್ತಿರಲಿಲ್ಲ. ಯಾರದೂ ಗೊತ್ತಿರಲಿಲ್ಲ.

ಬಸ್ ಸ್ಟಾಪಿನಲ್ಲಿ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು, "ಹಾಂಗಾರೆ ಸಮುದ್ರ ಸೇರ್ದ," ಅಂದಳು.

ಖಂಡಿತ ಅಂತ ಹೇಳಲಾಗುವುದಿಲ್ಲ ಎಂದೆ. ಬಂದವರನ್ನೆಲ್ಲ ಕರೆದೊಯ್ಯುತ್ತಿದ್ದರಂತೆ, ಅಷ್ಟೇ. ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡಲು ನಾಲಗೆ ಏಳಲಿಲ್ಲ. ಅದಕ್ಕೆ ಅಮ್ಮ ಕೇಳಿದ್ದು ಬೇರೆಯೇ.

"ಆ ದೋಣಿಯವ್ರ ಹೆಸ್ರ್ ಎಂತ?"

ನಾನು ಕೇಳಿರಲಿಲ್ಲ.

"ಕೇಳ್ ಮಗಾ. ಮಾವನ ಹೆಸ್ರ್ ಹೇಳಿ ಎಡೆ ಇಡುವತಿಗೆ ಅವ್ರ ಹೆಸ್ರೂ ಹೇಳ್ತೆ. ನಾವ್ ಯಾರೂ ಇಲ್ದ್ ಹೊತ್ತಂಗೆ ಇದ್ದವ್ರ್ ಅವ್ರೇ ಅಲ್ದಾ."

ಅಷ್ಟರಲ್ಲಿ ಬಸ್ಸು ಬಂತು. ಹೋಗಿ ಎಂದು ಡ್ರೈವರಿಗೆ ಕೈ ಮಾಡಿ ದಡಕ್ಕೆ ತಿರುಗಿ ನಡೆದೆ. ಗಾಳಿಗೆ ಮರಳು ಕಣ್ಣಿಗೆ ಹೊಡೆಯುತ್ತಿತ್ತು. ಹಸನ್ ನನ್ನನ್ನು ನೋಡಿ, ನಾನು ಏನೋ ಬಿಟ್ಟುಹೋಗಿದ್ದೇನೆಂದು ತಿಳಿದು ಅಕ್ಕಪಕ್ಕ ಹುಡುಕಿದ. ಯಾಕೆ ಬಂದೆನೆಂದು ಗೊತ್ತಿರುವ ಹಿಂದಿಯಲ್ಲಿ ವಿವರಿಸಿದೆ. ಎಡೆ ಎಂಬುದಕ್ಕೆ ಮಾತು ಸಿಗದೆ, ಸತ್ತವರಿಗೆ ಊಟ ಎಂದೆ.

"ಯೂಸುಫ್," ಎಂದ ಅವನು. ಸಮುದ್ರದ ಕಡೆ ನೋಡಿಕೊಂಡು ಇನ್ನೊಮ್ಮೆ ಹೇಳಿದ. ಆಮೇಲೆ ನನ್ನ ಮಾವನ ಹೆಸರು ಕೇಳಿದ.

"ಶೀನ."

"ಶೀನಾ," ಎಂದು ತನ್ನ ನಾಲಗೆಗೆ ಒಗ್ಗುವಂತೆ ಹೇಳಿಕೊಂಡು ಅವನು ಇಕ್ಕಳ ಎತ್ತಿಕೊಂಡ.

ಮುಂದಿನ ಬಸ್ಸಿಗೆ ಬಹಳ ಹೊತ್ತು ಕಾದೆ. ಹೊರಟಾಗ ಹಿಂದಿನ ಸೀಟಿಗೆ ಹೋಗಿ ಕೂತು ತಿರುಗಿ ನೋಡಿದೆ. ಊರು ಮರೆಯಾದ ಮೇಲೂ ಸಮುದ್ರ ಸ್ವಲ್ಪ ದೂರ ಬಸ್ಸಿನ ಜೊತೆಗೇ ಬಂತು. ಆಮೇಲೆ ಕಾರ್ಖಾನೆಯ ಗೋಡೆ ಅಡ್ಡವಾಯಿತು.