ರೈಫಲ್ ನೋಡಲು ಹೋದದ್ದು

ಸಂಶಯ ನನ್ನ ಹುಟ್ಟುಗುಣ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಂತೆಯಲ್ಲಿ ಗಡಿಗೆ ಕೊಂಡರೆ ಕುಂಬಾರನ ಎದುರಿಗೇ ನಾಲ್ಕು ಕಡೆ ಬಡಿದು ನೋಡುವವಳು ನಾನು. ಅಂಗಡಿಯವ ನಕ್ಕರೆ ತಕ್ಕಡಿ ನೋಡುತ್ತೇನೆ, ನಗದಿದ್ದರೂ ನೋಡುತ್ತೇನೆ. ಸಿಂದಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ ಇದೊಂದು ದೋಷ ಎಂದು ಎಂದೂ ಅನಿಸಲಿಲ್ಲ. ಲೆಕ್ಕ ಬಿಡಿಸಿದ ಮೇಲೆ ತಾಳೆ ನೋಡಿ ಎನ್ನುತ್ತೇವಲ್ಲ, ಅದಾದರೂ ಏನು? ಉತ್ತರದ ಮೇಲಿನ ಸಂಶಯವೇ ತಾನೆ?

ಇಂಥವಳು ಎಪ್ಪತ್ತರ ದಶಕದಲ್ಲಿ, ಎರಡು ಮಕ್ಕಳ ತಾಯಿಯಾದ ಮೇಲೆ, ರೈಫಲ್ ಕೊಳ್ಳಲು ಹೊರಟೆ. ಯಾರನ್ನೂ ಹೊಡೆಯುವುದಕ್ಕಲ್ಲ, ಕಾಗದ ಹೊಡೆಯುವುದಕ್ಕೆ. ಕಾಲೇಜಿನ ಕವಾಯತು ಶಿಬಿರದಲ್ಲಿ ಒಮ್ಮೆ ಐದು ಗುಂಡು ಹೊಡೆದಿದ್ದೆ. ಹವಾಲ್ದಾರರು ತೂತುಗಳ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರು. ಐದೂ ಮುಚ್ಚಿಹೋದವು. "ಯಾರ ಮಗಳವಾ ನೀ?" ಎಂದರು. ಆ ಮಾತು ಹತ್ತು ವರ್ಷ ಕಿವಿಯಲ್ಲೇ ಕೂತಿತ್ತು. ಈಗ ವಿಜಾಪುರದಲ್ಲಿ ಗುರಿ ಹೊಡೆಯುವ ಸ್ಪರ್ಧೆ, ಹೆಂಗಸರೂ ಬರಬಹುದು, ಆದರೆ ರೈಫಲ್ ಸ್ವಂತದ್ದಿರಬೇಕು ಎಂಬ ಸುದ್ದಿ ಬಂದಿತ್ತು.

ಲೈಸೆನ್ಸಿಗೆ ಅರ್ಜಿ ಹಾಕಿದ ಮೇಲೆ ಪೊಲೀಸ್ ಫೌಜದಾರರು ವಿಚಾರಣೆಗೆ ಮನೆಗೇ ಬಂದರು. ನನ್ನನ್ನು ಬಿಟ್ಟು, ಪೋಸ್ಟ್ ಆಫೀಸಿನಲ್ಲಿ ಕೆಲಸಕ್ಕಿದ್ದ ನನ್ನ ಯಜಮಾನರನ್ನು ಬದಿಗೆ ಕರೆದು, "ಗಂಡ-ಹೆಂಡತಿ ನಡುವ ಎಲ್ಲಾ ಸುದ್ದ ಐತೇನ್ರಿ, ಜಗಳ-ಗಿಗಳ ಇಲ್ಲಲ್ಲಾ?" ಎಂದು ಕೇಳಿದರು.

"ಇಲ್ಲಿತನಕಾ ಐತ್ರಿ," ಎಂದರು ಇವರು.

ಲೈಸೆನ್ಸು ಸಿಕ್ಕಿತು. ರೈಫಲ್ ಸಿಗಲಿಲ್ಲ. ಹೊಸದರ ಬೆಲೆ ನನ್ನ ಒಂದು ವರ್ಷದ ಪಗಾರ. ನಾನು ಕೂಡಿಸಿದ್ದು ನಾಲ್ಕು ತಿಂಗಳದ್ದು. ಹಾಗಾಗಿ ಹಳೆಯದನ್ನು ಹುಡುಕತೊಡಗಿದೆ. ಇಂಡಿಯ ಲಿಂಬೆ ತೋಟದವರೊಬ್ಬರು ತೋರಿಸಿದ ರೈಫಲ್ ಮದುಮಗನ ಹಾಗೆ ಹೊಳೆಯುತ್ತಿತ್ತು. ನಳಿಗೆಯೊಳಗೆ ಬಿಳಿ ಅರಿವೆ ತೂರಿಸಿ ಎಳೆದೆ. ಇಟ್ಟಿಗೆ ಬಣ್ಣದ ತುಕ್ಕು ಮೆತ್ತಿಕೊಂಡು ಬಂತು. ಮುದ್ದೇಬಿಹಾಳದ ವಕೀಲರದು ಚಿರತೆ ಹೊಡೆಯುವಂಥದ್ದು. ಅದರ ಒಂದು ಗುಂಡಿನ ಬೆಲೆಗೆ ನಮ್ಮ ಮನೆಗೆ ಎರಡು ದಿನದ ಹಾಲು ಬರುತ್ತಿತ್ತು.

ಕೊನೆಗೆ ಬಸವನ ಬಾಗೇವಾಡಿಯ ಸುಭೇದಾರ ಚನ್ನಬಸಪ್ಪನವರ ಹೆಸರು ಕೇಳಿಬಂತು. ಮಿಲಿಟರಿಯಿಂದ ನಿವೃತ್ತರು, ದಪ್ಪ ಮೀಸೆ, ಒಂಟಿ ಜೀವ, ಕಣ್ಣು ಮಂದವಾಗಿ ಗುರಿ ಹೊಡೆಯುವುದನ್ನು ಬಿಟ್ಟವರು. ಅರಿವೆ ಎಳೆದೆ; ಹೋದಷ್ಟೇ ಬಿಳಿಯಾಗಿ ಬಂತು. ಬೆಲೆ ಕೇಳಿದೆ, ನನ್ನಲ್ಲಿದ್ದುದಕ್ಕಿಂತಲೂ ಕಡಿಮೆ ಹೇಳಿದರು. ದುಬಾರಿಯಾದರೆ ಚೌಕಾಶಿ ಮಾಡಬಹುದು, ಇಷ್ಟು ಅಗ್ಗವಾದರೆ ಏನು ಮಾಡುವುದು?

"ಇಷ್ಟ್ ಸೋವಿ ಯಾಕ್ರಿ ಸಾಹೇಬ್ರ?"

"ಸೋವಿ ಆತಂದ್ರ ಹೆಚ್ಚಿಗಿ ಕೊಡ್ರಿ ಅಕ್ಕೋರ. ನಾ ಏನ್ ಬ್ಯಾಡ ಅನ್ನಂಗಿಲ್ಲ."

ಊರ ಹೊರಗಿನ ಹಾಳು ಕಲ್ಲಿನ ಖಣಿಗೆ ಹೋದೆವು. ಐವತ್ತು ಗಜ ದೂರದಲ್ಲಿ ಕಾಗದಕ್ಕೊಂದು ಮಸಿಯ ಬೊಟ್ಟಿಟ್ಟು ನಿಲ್ಲಿಸಿದರು. ಸೆರಗು ಬಿಗಿದು, ಜಮಖಾನದ ಮೇಲೆ ಬೋರಲು ಮಲಗಿ, ಉಸಿರು ಹಿಡಿದು ಐದು ಗುಂಡು ಹೊಡೆದೆ. ಹೋಗಿ ನೋಡಿದರೆ ಬೊಟ್ಟು ಹಾಗೆಯೇ ಇತ್ತು. ಐದೂ ಗುಂಡು ನಾಲ್ಕು ಬೆರಳು ಎಡಕ್ಕೆ ಹೋಗಿದ್ದವು.

"ನಳಿಗಿ ಸೊಟ್ಟ ಐತ್ರಿ," ಎಂದೆ. ಅಂತೂ ಕಳ್ಳ ಸಿಕ್ಕ ಎಂಬ ಸಮಾಧಾನವಾಗಿತ್ತು.

"ಅಕ್ಕೋರ, ಐದೂ ಒಂದಕ್ಕೊಂದು ಹತ್ತಿಗೊಂಡು ಬಿದ್ದಾವ, ನೋಡ್ರಿ," ಎಂದರು ಸುಭೇದಾರರು. "ಸೊಟ್ಟ ನಳಿಗಿ ಹಿಂಗ ಹೊಡೀತೈತೇನು? ಗುರಿ ಕೂಡಿಸೋ ಈ ತಿರುಪು ನನ್ನ ಕಣ್ಣಿಗೆ ಕೂಡಿಸಿದ್ದು. ನಿಮ್ಮ ಕಣ್ಣಿಗೆ ಕೂಡಿಸಿಕೊಳ್ರಿ, ಆತು."

ಗಣಿತದವಳಾಗಿ ನನಗಿದು ಹೊಳೆಯಬೇಕಿತ್ತು. ದಿನವೂ ಹತ್ತು ನಿಮಿಷ ಮುಂದಿರುವ ಗಡಿಯಾರವನ್ನು ನಂಬಿ ಬಸ್ಸು ಹಿಡಿಯಬಹುದು. ಒಂದು ದಿನ ಮುಂದೆ, ಒಂದು ದಿನ ಹಿಂದೆ ಓಡುವುದನ್ನು ನಂಬಿದರೆ ನಡೆದೇ ಹೋಗಬೇಕು. ಮನುಷ್ಯರೂ ಹಾಗೆಯೇ. ಆದರೆ ತಿಳಿವಳಿಕೆ ಬಂದ ಮಾತ್ರಕ್ಕೆ ಸಂಶಯ ಜಾಗ ಬಿಡುವುದಿಲ್ಲ. "ವಿಚಾರ ಮಾಡಿ ಹೇಳ್ತೇನ್ರಿ," ಎಂದು ಬಸ್ಸು ಹತ್ತಿದೆ. ಬೆನ್ನ ಹಿಂದಿನಿಂದ ಅವರು, "ನಿಮ್ಮ ಯಜಮಾನ್ರು ಪೋಸ್ಟಿನ್ಯಾಗ ಅದಾರಲ್ರಿ?" ಎಂದು ಕೂಗಿದರು. ಇದನ್ನೇಕೆ ಕೇಳಿದರು ಎಂಬ ಚಿಂತೆಯಲ್ಲೇ ಸಿಂದಗಿ ಬಂತು.

ವಾರದ ಮೇಲೆ ಒಂದು ಸಂಜೆ ಯಜಮಾನರು ನಗುತ್ತ ಮನೆಗೆ ಬಂದರು. "ಯಾರೋ ಮೀಸಿ ಮುದುಕರು ಬಂದಿದ್ರು. ಒಂದs ಒಂದು ಕಾರ್ಡ್ ತಗೊಂಡು ಅರ್ಧಾ ತಾಸು ಕಿಟಕಿ ಬಿಡಲಿಲ್ಲ. ಬೇಟಿ ಆಡ್ತೀರೇನು, ಚಿಗರಿ ಮಾಂಸ ರುಚಿ ನೋಡೀರೇನು, ಇವs ಮಾತು. ಬದನಿಕಾಯಿ ಬಿಟ್ಟು ನಾ ಏನೂ ಕೊಯ್ಯಂಗಿಲ್ರಿ ಅಂದೆ."

ನನಗೆ ಮೈಯೆಲ್ಲ ಉರಿಯಿತು. ಜನ್ಮವೆಲ್ಲ ಬೇರೆಯವರನ್ನು ಸಂಶಯಿಸಿದವಳು ನಾನು. ನನ್ನ ಮನೆತನವನ್ನೇ ಒಬ್ಬರು ಗಡಿಗೆಯಂತೆ ಬಡಿದು ನೋಡಿದ್ದರು! ಆ ಭಾನುವಾರವೇ ಬಾಗೇವಾಡಿಗೆ ಹೋಗಿ ಜಗಳ ತೆಗೆದೆ.

"ನಮ್ಮ ಮನಿಯವ್ರನ್ನ ವಿಚಾರಸಾಕ ನೀವ್ಯಾರ್ರಿ?"

ಸುಭೇದಾರರು ಚಹಾ ತಂದಿಟ್ಟು ಮೆಲ್ಲಗೆ ಹೇಳಿದರು: "ಇದಕ್ಕ ದುಪ್ಪಟ್ಟು ರೊಕ್ಕ ಕೊಡವ್ರು ಮೂರು ಮಂದಿ ಬಂದು ಹೋದ್ರಿ. ಮೂವರಿಗೂ ಹೊಲದಾಗಿನ ಚಿಗರಿ ಮ್ಯಾಲೇ ಕಣ್ಣು. ದಂಡಿನ್ಯಾಗ ಮಾಡಬೇಕಾದ್ದು ಮಾಡಿ ಬಂದೇನಿ. ಈ ರೈಫಲ್ಲಿಂದ ಮಾತ್ರ ಇವತ್ತಿನ ತನಕಾ ಕಾಗದ ಬಿಟ್ಟು ಏನೂ ಹೊಡದಿಲ್ಲ. ನನ್ನ ಕೈ ಬಿಟ್ಟ ಮ್ಯಾಲೂ ಹಂಗs ಇರಲಿ ಅಂತ ಆಶೆ."

ಅಗ್ಗದ ಗುಟ್ಟು ಇಷ್ಟೇ ಆಗಿತ್ತು: ಕಾಗದವನ್ನಷ್ಟೇ ಹೊಡೆಯುವವರಿಗೆ ಆ ಬೆಲೆ. ಮರುವಾರ ಕಚೇರಿಯಲ್ಲಿ ರೈಫಲ್ ನನ್ನ ಹೆಸರಿಗಾಯಿತು. ಸಹಿ ಮಾಡುವ ಮೊದಲು ಅವರು ರೈಫಲ್ಲಿನ ಮರದ ಹಿಡಿಯನ್ನು ಒಮ್ಮೆ ಸವರಿದರು. ನಾನು ನೋಡಿಯೂ ನೋಡದಂತೆ ಕಿಟಕಿಯ ಕಡೆಗೆ ತಿರುಗಿದೆ. ಆಮೇಲಿನ ಭಾನುವಾರಗಳೆಲ್ಲ ಖಣಿಯಲ್ಲೇ ಕಳೆದವು. ಅವರು ತಿರುಪು ಹೇಗೆ ಹೊರಳಿಸಬೇಕೆಂದು ಹೇಳುತ್ತಿದ್ದರು, ನಾನು ಹೊರಳಿಸುತ್ತಿದ್ದೆ.

ವಿಜಾಪುರದ ಸ್ಪರ್ಧೆಯಲ್ಲಿ ನಾನು ಮೂರನೆಯವಳಾದೆ. ನನಗದು ಆಕಾಶವೇ ಕೈಗೆ ಬಂದಷ್ಟಾಗಿತ್ತು. ಸುಭೇದಾರರಿಗೆ ಮಾತ್ರ ಒಪ್ಪಿಗೆಯಾಗಲಿಲ್ಲ. ನೆಟ್ಟಗೆ ತೀರ್ಪುಗಾರರ ಮೇಜಿಗೆ ಹೋಗಿ, ಕೋಟಿನ ಜೇಬಿನಿಂದ ಭೂತಗನ್ನಡಿ ತೆಗೆದು, ನನ್ನ ಕಾಗದದ ತೂತುಗಳನ್ನು ಒಂದೊಂದಾಗಿ ಎಣಿಸಿದರು. ಮೊದಲ ಇಬ್ಬರ ಕಾಗದವನ್ನೂ ಇಸಿದುಕೊಂಡು ಎಣಿಸಿದರು. ತೀರ್ಪುಗಾರರ ಮುಖ ಕೆಂಪಗಾಗುವ ಹೊತ್ತಿಗೆ ತಿರುಗಿ ಬಂದು ನನ್ನ ಪಕ್ಕದಲ್ಲಿ ಕುಳಿತರು.

"ಲೆಕ್ಕಾ ಬರೋಬ್ಬರಿ ಐತ್ರಿ," ಎಂದರು. ಭೂತಗನ್ನಡಿಯನ್ನು ಜೇಬಿಗಿಳಿಸುತ್ತ, "ಆದ್ರೂ ನನಗ ಸಂಶೇ," ಎಂದರು.

ನನ್ನನ್ನು ಅಷ್ಟು ನಂಬಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ.