ಗಿರಣಿ ಅಂಗಳ ಗೆದ್ದ ಮೊಳಕೈ

ಆಗ ನಮ್ಮ ಮಾನ್ವಿಯಲ್ಲಿ ಹುಡುಗರಿಗೆ ಆಡಲು ಊರೆಲ್ಲ ಇತ್ತು. ಹುಡುಗಿಯರಿಗೆ ಮನೆ ಮುಂದಿನ ಕಟ್ಟೆ ಮಾತ್ರ. ಎಂಬತ್ತರ ಆಸುಪಾಸು, ನನಗೆ ಹನ್ನೆರಡು. ಓಣಿಯ ಅಕ್ಕಿ ಗಿರಣಿಯಲ್ಲಿ ಕುದಿಸಿದ ನೆಲ್ಲು ಒಣಹಾಕುವ ಸಿಮೆಂಟಿನ ಅಂಗಳವಿತ್ತು. ಸಂಜೆ ನೆಲ್ಲು ಗುಡ್ಡೆ ಹಾಕಿದ ಮೇಲೆ ಅದು ಖಾಲಿ. ಅಂಗಾಲಿಗೆ ಬೆಚ್ಚಗೆ, ಮೂಗಿಗೆ ಬೆಂದ ನೆಲ್ಲಿನ ವಾಸನೆ. ನಮ್ಮ ಕುಂಟಾಟಕ್ಕೆ ಅಂಥ ನೆಲ ಇನ್ನೊಂದಿರಲಿಲ್ಲ. ಆದರೆ ಅಲ್ಲಿ ದಿನವೂ ನಮ್ಮ ಓಣಿಯ ಹುಡುಗ ಬಸ್ಯಾ ಮತ್ತವನ ಗೆಳೆಯರ ಲಗೋರಿ.

"ನಮಗೂ ದಿನಾ ಬಿಟ್ಟು ದಿನಾ ಬಿಡು" ಎಂದು ಕೇಳಿದೆ.

"ಪಂಜಾ ಹಿಡಿದು ಗೆಲ್ಲು, ಬಿಡ್ತೀನಿ. ಸೋತ್ರ ಈ ಕಡಿ ಕಾಲಿಡಬ್ಯಾಡ" ಎಂದ.

ಪಂಜಾ ಅಂದರೆ ಮೊಳಕೈ ಊರಿ ಎದುರಿನವರ ಕೈ ಮಣಿಸುವ ಆಟ. ಅವನ ಕೈ ಹಾರೆಯಷ್ಟು ಉದ್ದ, ನನ್ನದು ಗಿಡ್ಡ. ಸಿಟ್ಟಿನಲ್ಲಿ ಹೂಂ ಅಂದುಬಿಟ್ಟೆ. ನನ್ನ ಬಾಯಿ ಯಾವತ್ತೂ ಹಾಗೇ.

ಗೆಳತಿ ರಜಿಯಾ ನನ್ನನ್ನು ಅವಳಪ್ಪ ಖಾಜಾ ಚಾಚಾನ ಬಳಿ ಎಳೆದೊಯ್ದಳು. ಅವರು ಆ ಗಿರಣಿಯಲ್ಲೇ ಹಮಾಲರು. ಒಂದು ತೂಕದ ಕಲ್ಲು ಕೊಟ್ಟು, "ಕೈ ಚಾಚಿ ಹಿಡಿ ಬೇಟಿ" ಎಂದರು. ತೋಳು ನಡುಗಿತು. "ಈಗ ಎದಿಗೆ ತಗೋ." ಅದೇ ಕಲ್ಲು ಅರ್ಧಕ್ಕರ್ಧ ಹಗುರಾಯಿತು.

"ನಾವು ಚೀಲ ಎತ್ತೋದು ಹಿಂಗೇ. ನಿನ್ನ ಮುಷ್ಟಿ ಎದಿ ಬಿಟ್ಟು ಹೋಗಬಾರದು. ಅವನ ಕೈ ನಿನ್ನ ಕಡಿ ಎಳಕೋ. ಅದು ಚಾಚಿದಷ್ಟೂ ಜೋರು ಇಳೀತದ."

ಮರುದಿನ ನೆಲ್ಲಿನ ಚೀಲದ ಮೇಲೆ ಮೊಳಕೈ ಊರಿದೆವು. ಹಮಾಲರೆಲ್ಲ ಬೀಡಿ ಹಚ್ಚಿ ಸುತ್ತ ಕೂತರು. ಬಸ್ಯಾ ಸಾಹುಕಾರನಂತೆ ಹಿಂದಕ್ಕೆ ವಾಲಿ ಕುಳಿತ. ಅಲ್ಲೇ ಅವನು ಕೆಟ್ಟ. ನಾನು ಚೀಲಕ್ಕೆ ಎದೆ ತಾಗಿಸಿ, ಅವನ ಕೈಯನ್ನು ಗೇಣುದ್ದ ನನ್ನತ್ತ ಎಳೆದುಕೊಂಡೆ. ಅವನ ಮೊಳಕೈ ಮಡಿಕೆ ಬಿಚ್ಚಿತು, ಮುಖ ಕೆಂಪಾಯಿತು. ಆಮೇಲೆ ಇಡೀ ಮೈಯನ್ನೇ ಆ ಕಡೆ ಹೊರಳಿಸಿದೆ. ಅವನ ಕೈ ಚೀಲಕ್ಕೆ ಅಪ್ಪಳಿಸಿ ಧೂಳೆದ್ದಿತು. ರಜಿಯಾ ನನ್ನನ್ನು ಎತ್ತಿ ತಿರುಗಿಸಿದಳು. ಅಷ್ಟು ದೊಡ್ಡ ಸಂತೋಷ ಅದುವರೆಗೆ ನನಗೆ ಗೊತ್ತಿರಲಿಲ್ಲ.

ಮರುವರ್ಷ ಮಾಸ್ತರು ಬೋರ್ಡಿನ ಮೇಲೆ ಸನ್ನೆಕೋಲು ಬರೆದು, ನಮ್ಮ ಮೊಳಕೈಯೇ ಆಧಾರಬಿಂದು, ತೋಳಿನ ಸ್ನಾಯು ಬಲ, ಹಿಡಿದದ್ದು ಭಾರ ಎಂದಾಗ ನಾನೂ ರಜಿಯಾಳೂ ಮುಸಿಮುಸಿ ನಕ್ಕೆವು. ನಮಗದು ಗೊತ್ತಿದ್ದ ಪಾಠ.

ಪಂಜಾ ಗೆದ್ದ ಆ ಬೇಸಿಗೆಯಿಡೀ ದಿನ ಬಿಟ್ಟು ದಿನ ಅಂಗಳ ನಮ್ಮದೇ. ಆದರೆ ಆಡಿದ್ದು ಅದೊಂದೇ ಬೇಸಿಗೆ. ಮರುವರ್ಷದ ಬೇಸಿಗೆಗೆ ನಾನು ದೊಡ್ಡವಳಾಗಿದ್ದೆ, ಅವ್ವ ಆಡಲು ಹೊರಗೆ ಬಿಡಲಿಲ್ಲ. ಬಸ್ಯಾ, ಪಾಪ, ಮಾತಿಗೆ ತಪ್ಪದವನು, ಬಾಗಿಲಿಗೆ ಬಂದು ಕೇಳಿದ:

"ಇವತ್ತು ನಿಮ್ಮ ಪಾಳಿ ಅದ. ಬರಂಗಿಲ್ಲೇನು?"

ಅವನ ಕೈ ಮಣಿಸಿದ ಅದೇ ಕೈಯಿಂದ, ಅವ್ವ ನೋಡುತ್ತಿದ್ದಂತೆ, ಬಾಗಿಲು ಮುಚ್ಚಿದೆ.